ಸುಣ್ಣದ ಮಣ್ಣು, ಕೋಟೆಯ ಗುಂಡು: ಎಡ್ಮಂಡ್ ರಫಿನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಬೇಸಾಯದ ಇತಿಹಾಸ ಅಂತ ಮಾತು ಶುರುವಾದರೆ ಸಾಕು, ನಾನು ಈ ಮನುಷ್ಯನ ಹೆಸರು ತೆಗೆಯುತ್ತೇನೆ. ತೆಗೆದ ಮೇಲೆ ಪ್ರಶ್ನೆಗಳು ಬರುತ್ತವೆ, ಹೆಚ್ಚುಕಡಿಮೆ ಪ್ರತಿಸಲವೂ ಅವೇ. ಗೆಳೆಯರು ಕೇಳಿದ್ದು, ಕಾಗದದಲ್ಲಿ ಬಂದದ್ದು, ಊಟದ ಮಧ್ಯೆ ಜಗಳದ ಹಾಗೆ ಬಂದದ್ದು, ಎಲ್ಲ ಒಟ್ಟು ಮಾಡಿ ಇಲ್ಲಿ ಇಟ್ಟಿದ್ದೇನೆ. ಕೇಳಿದವರ ಮಾತನ್ನು ತಿದ್ದಿಲ್ಲ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲಿಗೆ

ಯಾರು ಸ್ವಾಮಿ ಈ ರಫಿನ್? ಹೆಸರೇ ಕೇಳಿಲ್ಲ ನಾನು.

ವರ್ಜೀನಿಯಾ ರಾಜ್ಯದ ದೊಡ್ಡ ಜಮೀನ್ದಾರ. 1794ರ ಜನವರಿ 5ರಂದು ಪ್ರಿನ್ಸ್ ಜಾರ್ಜ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ), ಜೇಮ್ಸ್ ನದಿಯ ದಂಡೆಯ ಕಡೆ ಹುಟ್ಟಿದ. ಸತ್ತದ್ದು 1865ರ ಜೂನ್‌ನಲ್ಲಿ, ಅಮೆರಿಕದ ಅಂತರ್ಯುದ್ಧ (ಗುಲಾಮಗಿರಿ ಉಳಿಸಿಕೊಳ್ಳೋಕೆ ಬೇರೆಯಾಗಹೊರಟ ದಕ್ಷಿಣದ ರಾಜ್ಯಗಳಿಗೂ ಉತ್ತರದವರಿಗೂ ಆದ ಯುದ್ಧ) ಮುಗಿದ ಬೆನ್ನಿಗೇ. ಈ ಎರಡು ತಾರೀಖುಗಳ ನಡುವೆ ಅವನು ಮಾಡಿದ ಕೆಲಸಗಳು ಒಬ್ಬನೇ ಮನುಷ್ಯನವು ಅಂತ ನಂಬೋದು ಕಷ್ಟ. ಸತ್ತು ಹೋದ ಹೊಲಗಳಿಗೆ ಜೀವ ಬರಿಸಿದ. ರಾಜ್ಯದ ಸೆನೆಟ್‌ನಲ್ಲಿ ಕೂತಿದ್ದ. ಕೃಷಿ ಪತ್ರಿಕೆ ನಡೆಸಿದ. ಕೊನೆಗೆ 67ನೇ ವಯಸ್ಸಿನಲ್ಲಿ ಫಿರಂಗಿ ಹಾರಿಸಿ ದೇಶ ಒಡೆಯೋಕೆ ಹೊರಟ. ಸಾವಿರಾರು ಪುಟ ಡೈರಿ ಬರೆದ, ಹಾಗಾಗಿ ಅವನ ತಲೆಯಲ್ಲಿ ಏನು ಓಡುತ್ತಿತ್ತು ಅನ್ನೋದು ನಮಗೆ ಚೆನ್ನಾಗಿ ಗೊತ್ತು.

'ಅವನು' ಅಂತ ಏಕವಚನದಲ್ಲಿ ಬರೀತೀರಲ್ಲ, ಹಿರಿಯರಲ್ವಾ?

ಇದನ್ನ ಇಬ್ಬರು ಕೇಳಿದ್ದಾರೆ. ಹಳೆ ಕಾಲದವರನ್ನ ಕತೆಯಲ್ಲಿ ನಾವು 'ಅವನು' ಅಂತಲೇ ಕರೆಯೋದು ರೂಢಿ. ಜೊತೆಗೆ, ಮುಂದೆ ಓದಿದರೆ 'ಅವರು' ಅನ್ನೋಕೆ ನನಗೆ ಯಾಕೆ ಬಾಯಿ ಬರಲಿಲ್ಲ ಅಂತ ಗೊತ್ತಾಗುತ್ತೆ.

ಎಷ್ಟು ಓದಿದ್ದ? ಕೃಷಿ ಕಾಲೇಜಿಗೆ ಹೋಗಿದ್ನಾ?

ಆಗ ಅಲ್ಲಿ ಕೃಷಿ ಕಾಲೇಜು ಎಲ್ಲಿತ್ತು! ವಿಲಿಯಂ ಅಂಡ್ ಮೇರಿ ಕಾಲೇಜಿಗೆ ಸೇರಿದ್ದ, ಪಾಠದ ಕಡೆ ಗಮನ ಕೊಡದೆ ಬೇಗನೆ ಹೊರಗೆ ಬಂದ. ಹಾಗಂತ ಓದದ ದಡ್ಡ ಅಲ್ಲ. ಚಿಕ್ಕಂದಿನಿಂದ ಕೈಗೆ ಸಿಕ್ಕ ಪುಸ್ತಕ ಬಿಡುತ್ತಿರಲಿಲ್ಲ, ಪರೀಕ್ಷೆಗೆ ಬೇಕಾದ್ದನ್ನ ಮಾತ್ರ ಓದುತ್ತಿರಲಿಲ್ಲ. ಇಂಥವರು ನಮ್ಮಲ್ಲೂ ಮನೆಗೊಬ್ಬರು ಇದ್ದಾರೆ. ಬ್ರಿಟನ್ ಜೊತೆಗಿನ 1812ರ ಯುದ್ಧ ಬಂದಾಗ ಸಾಮಾನ್ಯ ಸಿಪಾಯಿಯಾಗಿ ಕೆಲವು ತಿಂಗಳು ನಾರ್ಫೋಕ್‌ನಲ್ಲಿದ್ದ, ಕಾದಾಟ ಏನೂ ನೋಡಲಿಲ್ಲ. ಅಪ್ಪ 1810ರಲ್ಲೇ ತೀರಿಹೋಗಿದ್ದರು. 1813ರಲ್ಲಿ ಸೂಸನ್ ಟ್ರಾವಿಸ್ ಅನ್ನೋಳನ್ನ ಮದುವೆಯಾಗಿ ಕಾಗಿನ್ಸ್ ಪಾಯಿಂಟ್ ಅನ್ನೋ ಜಮೀನಿಗೆ ಬಂದು ಕೂತ. ಆಗ ವಯಸ್ಸು 19. ಬೇಸಾಯದ ಅನುಭವ ಸೊನ್ನೆ.

ರೈತ ಅಂದ್ರೆ ತಾನೇ ನೇಗಿಲು ಹಿಡೀತಿದ್ನಾ?

ಇಲ್ಲ. ಇದನ್ನ ಈಗಲೇ ಹೇಳಿಬಿಡೋದು ಒಳ್ಳೇದು. ಅಮೆರಿಕದ ಪುಸ್ತಕಗಳು ಅವನನ್ನ 'ರೈತ' ಅಂತ ಬರೆದಾಗ ನಮ್ಮ ಕಣ್ಣ ಮುಂದೆ ಪಂಚೆ ಎತ್ತಿ ಕಟ್ಟಿಕೊಂಡು ಗದ್ದೆಗೆ ಇಳಿದವನು ಬರುತ್ತಾನೆ. ಅದು ತಪ್ಪು ಚಿತ್ರ. ಉಳೋದು, ಬಿತ್ತೋದು, ಮಣ್ಣು ಅಗೆಯೋದು, ಗಾಡಿ ಹೊಡೆಯೋದು, ಎಲ್ಲ ಮಾಡಿದವರು ಅವನು ಗುಲಾಮರನ್ನಾಗಿ ಇಟ್ಟುಕೊಂಡಿದ್ದ ಕಪ್ಪು ಜನ. ಕೂಲಿ ಇಲ್ಲ, ಬಿಟ್ಟು ಹೋಗೋ ಹಾಗಿಲ್ಲ. ಕೆಳಗೆ 'ರಫಿನ್ ಹೊಲಕ್ಕೆ ಮಾರ್ಲ್ (ಸುಣ್ಣದ ಮಣ್ಣು) ಹಾಕಿದ' ಅಂತ ನಾನು ಎಲ್ಲೇ ಬರೆದಿದ್ದರೂ 'ಹಾಕಿಸಿದ' ಅಂತ ಓದಿಕೊಳ್ಳಿ.

## ಮಣ್ಣಿನ ವಿಷಯ

ಅಂಥ ನದಿ ದಂಡೆ ಜಮೀನು ಯಾಕೆ ಹಾಳಾಗಿತ್ತು?

ಹೊಗೆಸೊಪ್ಪು, ಆಮೇಲೆ ಮೆಕ್ಕೆಜೋಳ, ಮತ್ತೆ ಮೆಕ್ಕೆಜೋಳ. ಇನ್ನೂರು ವರ್ಷದ ಹತ್ತಿರ ಮಣ್ಣಿನಿಂದ ತೆಗೆದರೇ ಹೊರತು ಅದಕ್ಕೆ ವಾಪಸ್ ಕೊಟ್ಟವರಿಲ್ಲ. ಒಂದು ಹೊಲ ಸೋತರೆ ಪಕ್ಕದ ಕಾಡು ಕಡಿಯೋದು, ಅದೂ ಸೋತರೆ ಗಂಟುಮೂಟೆ ಕಟ್ಟಿಕೊಂಡು ಪಶ್ಚಿಮಕ್ಕೆ ಹೋಗೋದು. ರಫಿನ್ ಕೂಡ ಒಂದು ಹಂತದಲ್ಲಿ ಮಾರಿ ಹೋಗೋ ಯೋಚನೆ ಮಾಡಿದ್ದ. ಆ ಕಾಲದಲ್ಲಿ ವರ್ಜೀನಿಯಾದ ಜಮೀನ್ದಾರರೆಲ್ಲ ಜಾನ್ ಟೇಲರ್ ಅನ್ನೋರ ಮಾತು ಕೇಳುತ್ತಿದ್ದರು: ಕೊಟ್ಟಿಗೆ ಗೊಬ್ಬರ ಹಾಕಿ, ಕ್ಲೋವರ್ ಮೇವು ಬೆಳೆಸಿ, ಆಳವಾಗಿ ಉಳುಮೆ ಮಾಡಿ. ರಫಿನ್ ಅದನ್ನೆಲ್ಲ ಚಾಚೂ ತಪ್ಪದೆ ಮಾಡಿಸಿದ. ಗೊಬ್ಬರ ತಿಂದು ಮಣ್ಣು ಸುಮ್ನೆ ಕೂತಿತು. ಕ್ಲೋವರ್ ಬೇರು ಹಿಡಿಯಲಿಲ್ಲ.

ಮಾರ್ಲ್ ಅಂದ್ರೇನು? ಗೊಬ್ಬರಾನಾ, ಸುಣ್ಣಾನಾ?

ಸುಣ್ಣದ ಅಂಶ ಇರೋ ಮಣ್ಣು. ಆ ಕಡೆ ನೆಲ ಬಹಳ ಹಿಂದೆ ಸಮುದ್ರದ ಕೆಳಗಿತ್ತು, ಹಾಗಾಗಿ ಸ್ವಲ್ಪ ಅಗೆದರೆ ಚಿಪ್ಪುಗಳ ಪದರ ಸಿಗುತ್ತೆ. ಕಪ್ಪೆಚಿಪ್ಪಿನ ಥರದ್ದು, ಕೆಲವು ಇಡಿಯಾಗಿ, ಕೆಲವು ಕೈಯಲ್ಲಿ ಹಿಸುಕಿದರೆ ಪುಡಿಯಾಗೋಷ್ಟು ಕೊಳೆತವು. ಅದರಲ್ಲಿರೋದು ಕ್ಯಾಲ್ಸಿಯಂ ಕಾರ್ಬೊನೇಟ್. ನಾವು ತಿನ್ನೋ ಅನ್ನದ ಹಾಗೆ ಅದು ಬೆಳೆಗೆ ಊಟ ಅಲ್ಲ. ಹುಳಿ ಹಿಡಿದ ಮಣ್ಣಿನ ಹುಳಿ ತೆಗೆಯುತ್ತೆ, ಆಮೇಲೆ ಹಾಕಿದ ಗೊಬ್ಬರ ಕೆಲಸ ಮಾಡೋಕೆ ಶುರುಮಾಡುತ್ತೆ. ಮಲೆನಾಡು, ಕೊಡಗಿನ ಕಾಫಿ ಬೆಳೆಗಾರರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಮಳೆ ಜಾಸ್ತಿ ಇರೋ ಕಡೆ ಮಣ್ಣು ಹುಳಿಯಾಗುತ್ತೆ ಅಂತ ಅವರು ತೋಟಕ್ಕೆ ಸುಣ್ಣ ಹಾಕುತ್ತಲೇ ಇರುತ್ತಾರೆ.

ಅವನಿಗೆ ಇದು ಹೊಳೆದದ್ದು ಹೇಗೆ? ಸ್ವಲ್ಪ ಬಿಡಿಸಿ ಹೇಳಿ.

ಹೇಳ್ತೀನಿ, ಇಡೀ ಕತೆಯಲ್ಲಿ ನನಗೆ ಇಷ್ಟವಾದ ಭಾಗ ಇದೇ.

ಇಂಗ್ಲೆಂಡಿನ ಹಂಫ್ರಿ ಡೇವಿ ಬರೆದ ಕೃಷಿ ರಸಾಯನಶಾಸ್ತ್ರದ ಪುಸ್ತಕ 1813ರಲ್ಲಿ ಬಂದಿತ್ತು. ಅದು ರಫಿನ್ ಕೈಗೆ ಸಿಕ್ಕಿತು. ಅವನಿಗೆ ರಸಾಯನಶಾಸ್ತ್ರ ಬರುತ್ತಿರಲಿಲ್ಲ, ಓದುತ್ತಾ ಕಲಿತ. ಡೇವಿ ಒಂದು ಕಡೆ, ಬೆಳೆ ಬಾರದ ಒಂದು ಮಣ್ಣಿನಲ್ಲಿ ಕಬ್ಬಿಣದ ಹುಳಿ ಲವಣ ಸಿಕ್ಕಿತು, ಅದಕ್ಕೆ ಸುಣ್ಣ ಹಾಕಿದರೆ ಸರಿಹೋಗುತ್ತೆ ಅಂತ ಹಾಗೇ ಹೇಳಿಕೊಂಡು ಹೋಗಿದ್ದರು. ರಫಿನ್ ಅಲ್ಲೇ ನಿಂತ. ತನ್ನ ಮಣ್ಣಲ್ಲಿ ಆ ಲವಣ ಇದೆಯಾ ಅಂತ ನೋಡಿದ, ಸಿಗಲಿಲ್ಲ. ಬೇರೆಯವರಾಗಿದ್ದರೆ ಪುಸ್ತಕ ಮುಚ್ಚಿಡುತ್ತಿದ್ದರು. ಇವನು ಹೊಲದ ಕಡೆ ನೋಡಿದ. ಬಡ ಮಣ್ಣಿನಲ್ಲೆಲ್ಲ ಪೈನ್ ಮರ ಮತ್ತು ಹುಳಿಸೊಪ್ಪಿನ ಜಾತಿಯ ಒಂದು ಕಳೆ ಹುಲುಸಾಗಿ ಬೆಳೆಯುತ್ತಿತ್ತು. ಚಿಪ್ಪು ಇರೋ ಜಾಗದಲ್ಲಿ ಅವು ಇಲ್ಲ, ಅಲ್ಲಿ ಬೆಳೆ ಚೆನ್ನಾಗಿದೆ. ಹಾಗಾದರೆ ಯಾವುದೋ ಹುಳಿ ಇರಲೇಬೇಕು, ಲವಣದ್ದಲ್ಲದಿದ್ದರೆ ಕೊಳೆತ ಸೊಪ್ಪುಸದೆಯದ್ದು, ಅಂತ ಲೆಕ್ಕ ಹಾಕಿದ.

ಆಮೇಲೆ ಮಣ್ಣಿಗೆ ಆಸಿಡ್ ಹಾಕಿ ಪರೀಕ್ಷೆ ಮಾಡತೊಡಗಿದ. ಸುಣ್ಣದ ಅಂಶ ಇದ್ದರೆ ನೊರೆ ಬರುತ್ತೆ, ಎಷ್ಟು ಗಾಳಿ ಹೊರಬಂತು ಅಂತ ಅಳೆದರೆ ಎಷ್ಟು ಸುಣ್ಣ ಇದೆ ಅಂತ ಗೊತ್ತಾಗುತ್ತೆ. ನಾನು ಇದನ್ನ ಅಡುಗೆಮನೆಯಲ್ಲಿ ಮಾಡಿ ನೋಡಿದೆ. ಮೊಟ್ಟೆಯ ಚಿಪ್ಪನ್ನ ಪುಡಿ ಮಾಡಿ ಒಂದು ಲೋಟಕ್ಕೆ ಹಾಕಿ, ಮೇಲೆ ನಿಂಬೆರಸ ಹಿಂಡಿದೆ. ಸಣ್ಣ ಸಣ್ಣ ಗುಳ್ಳೆ ಏಳುತ್ತೆ, ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಚುರ್ ಅನ್ನೋ ಸದ್ದೂ ಕೇಳುತ್ತೆ. ಹಿತ್ತಲಿನ ಮಣ್ಣಿಗೆ ಹಿಂಡಿದೆ, ಏನೂ ಆಗಲಿಲ್ಲ. ರಫಿನ್‌ಗೂ ಅದೇ ಆಯಿತು. ಸುತ್ತಮುತ್ತಲಿನ ಮಣ್ಣು ತಂದು ತಂದು ನೋಡಿದರೆ ಹೆಚ್ಚಿನದರಲ್ಲಿ ಗುಳ್ಳೆಯೇ ಇಲ್ಲ.

1818ರ ಚಳಿಗಾಲದ ಕೊನೆಗೆ ಗುಂಡಿ ತೋಡಿಸಿ, ಗಾಡಿಗಳಲ್ಲಿ ಮಾರ್ಲ್ ಹೊರಿಸಿ, ಹೊಸದಾಗಿ ಮರ ಕಡಿದ ಕೆಲವು ಎಕರೆ ಬಡ ನೆಲಕ್ಕೆ ಹರಡಿಸಿದ. ಪಕ್ಕದ ತುಂಡನ್ನ ಬೇಕಂತಲೇ ಹಾಗೇ ಬಿಟ್ಟ. ಎರಡಕ್ಕೂ ಮೆಕ್ಕೆಜೋಳ. ಪೈರು ಮೇಲೆ ಬರುವಾಗಲೇ ವ್ಯತ್ಯಾಸ ಕಣ್ಣಿಗೆ ಕಂಡಿತು, ಕೊಯ್ಲಿನಲ್ಲಿ ಸುಮಾರು 40 ಪ್ರತಿಶತ ಜಾಸ್ತಿ ಬಂತು. ಅದೇ ವರ್ಷ ಪ್ರಿನ್ಸ್ ಜಾರ್ಜ್ ಕೌಂಟಿಯ ಕೃಷಿ ಸಂಘದ ಮುಂದೆ ಇದನ್ನ ಓದಿದ. 1821ರಲ್ಲಿ ಪತ್ರಿಕೆಯಲ್ಲಿ ಲೇಖನ, 1832ರಲ್ಲಿ ಪುಸ್ತಕ. ಸುಣ್ಣದ ಗೊಬ್ಬರಗಳ ಮೇಲಿನ ಆ ಪ್ರಬಂಧ 1852ರ ಹೊತ್ತಿಗೆ ಐದು ಮುದ್ರಣ ಕಂಡಿತು.

ಜಾಸ್ತಿ ಹಾಕಿದ್ರೆ ಜಾಸ್ತಿ ಬೆಳೆ ಬರುತ್ತಾ?

ಬರೋದಿಲ್ಲ, ಕೆಡುತ್ತೆ. ಮೊದಲ ಹುರುಪಿನಲ್ಲಿ ರಫಿನ್ ಕೆಲವು ಕಡೆ ಅಳತೆ ಮೀರಿ ಹಾಕಿಸಿದ, ಮೆಕ್ಕೆಜೋಳ ರೋಗ ಬಂದ ಹಾಗೆ ಸೊರಗಿತು. ಅವನು ಅದನ್ನ ಮುಚ್ಚಿಡಲಿಲ್ಲ. ಪುಸ್ತಕದಲ್ಲೇ ಬರೆದ: ಅತಿಯಾದರೆ ಹೀಗಾಗುತ್ತೆ, ಅದಕ್ಕೆ ಮದ್ದು ಸೊಪ್ಪು ಗೊಬ್ಬರ. ತನ್ನ ತಪ್ಪನ್ನ ತಾನೇ ಅಳೆದು ಅಚ್ಚು ಹಾಕಿಸೋ ಈ ಗುಣವನ್ನ ನೆನಪಿಟ್ಟುಕೊಳ್ಳಿ, ಕೊನೆಯ ಪ್ರಶ್ನೆಗಳಲ್ಲಿ ಬೇಕಾಗುತ್ತೆ.

ಆಗಿನ ವಿಜ್ಞಾನ ಈಗ ಎಷ್ಟು ಸರಿ?

ಫಲ ಸರಿ, ವಿವರಣೆ ಅರ್ಧ ಸರಿ. ಕೊಳೆತ ಗಿಡಗಳ ಹುಳಿಯೇ ಎಲ್ಲಕ್ಕೂ ಕಾರಣ ಅಂತ ಅವನು ಅಂದುಕೊಂಡಿದ್ದ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ವಿಷವಾಗೋದು ಅವನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಈಗ ನಾವು ಮಣ್ಣು ಪರೀಕ್ಷೆಯ ಚೀಟಿಯಲ್ಲಿ ನೋಡೋ ಪಿಎಚ್ ಅನ್ನೋ ಅಳತೆ ಬಂದದ್ದೇ 1909ರಲ್ಲಿ. ಅದಕ್ಕೆ ತೊಂಬತ್ತು ವರ್ಷ ಮೊದಲು, ಕಳೆಗಿಡ ನೋಡಿಕೊಂಡು ಒಬ್ಬ ಅಷ್ಟು ಹತ್ತಿರ ಬಂದ ಅನ್ನೋದು ದೊಡ್ಡ ವಿಷಯ.

## ಶಾಸಕ, ಸಂಪಾದಕ

ಶಾಸಕನಾಗಿ ಏನು ಕಡಿದು ಗುಡ್ಡೆ ಹಾಕಿದ?

ಹೇಳಿಕೊಳ್ಳೋ ಅಂಥದ್ದು ಏನೂ ಇಲ್ಲ. 1823ರಲ್ಲಿ ವರ್ಜೀನಿಯಾದ ಸೆನೆಟ್‌ಗೆ ಆರಿಸಿ ಬಂದ. ಇದು ವಾಷಿಂಗ್ಟನ್‌ನ ಸೆನೆಟ್ ಅಲ್ಲ, ರಾಜ್ಯದ್ದು, ರಿಚ್ಮಂಡ್‌ನಲ್ಲಿ ಕೂಡುತ್ತಿತ್ತು. ಒಟ್ಟು 24 ಜನ, ನಾಲ್ಕು ವರ್ಷದ ಅವಧಿ. ಆಗಿನ ನಿಯಮ ಕೇಳಿ: ರಾಜ್ಯದ 1776ರ ಸಂವಿಧಾನದ ಪ್ರಕಾರ ಯಾವ ಮಸೂದೆಯೂ ಸೆನೆಟ್‌ನಲ್ಲಿ ಹುಟ್ಟೋ ಹಾಗಿಲ್ಲ. ಕೆಳಮನೆ ಕಳಿಸಿದ್ದನ್ನ ಒಪ್ಪಬೇಕು, ಇಲ್ಲ ತಿರಸ್ಕರಿಸಬೇಕು, ಇಲ್ಲ ತಿದ್ದಿ ಕೆಳಮನೆಯ ಒಪ್ಪಿಗೆ ಕೇಳಬೇಕು. ಹಣಕಾಸಿನ ಮಸೂದೆಯಾದರೆ ತಿದ್ದೋ ಅಧಿಕಾರವೂ ಇಲ್ಲ. ಓಟು ಹಾಕೋ ಹಕ್ಕು ಜಮೀನು ಇದ್ದ ಬಿಳಿ ಗಂಡಸರಿಗೆ ಮಾತ್ರ. ಅಂದರೆ ಜಮೀನ್ದಾರರು ಆರಿಸಿದ ಜಮೀನ್ದಾರ ಅವನು.

ಮಧ್ಯದಲ್ಲೇ ಬಿಟ್ಟು ಹೋಗಿದ್ದು ಯಾಕೆ? ಹಗರಣ ಏನಾದ್ರೂ ಆಯ್ತಾ?

ಹಗರಣ ಇಲ್ಲ, ಬೇಜಾರು. ನಾಲ್ಕು ವರ್ಷ ಇರಬೇಕಿತ್ತು, 1826ರಲ್ಲೇ ರಾಜೀನಾಮೆ ಕೊಟ್ಟ. ಭಾಷಣ ಮಾಡೋಕೆ ಬರುತ್ತಿರಲಿಲ್ಲ, ಓಟಿಗಾಗಿ ಹಲ್ಲು ಕಿರಿಯೋದು ಇಷ್ಟವಿರಲಿಲ್ಲ, ಜನರ ಸೇವಕ ಅನ್ನಿಸಿಕೊಂಡು ಸಾಕಾಯಿತು ಅಂತ ಆಮೇಲೆ ತಾನೇ ಬರೆದುಕೊಂಡ. ಮತ್ತೆ ಯಾವ ಚುನಾಯಿತ ಹುದ್ದೆಗೂ ಬರಲಿಲ್ಲ. ಆದರೆ ರಾಜಕೀಯ ಬಿಟ್ಟ ಅಂತಲ್ಲ, ಓಟು ಕೇಳದ ರಾಜಕೀಯಕ್ಕೆ ಇಳಿದ.

ಪತ್ರಿಕೆ ನಡೆಸಿದ ಅಂತಾರಲ್ಲ, ಅದರಲ್ಲಿ ಏನಿರ್ತಿತ್ತು?

ಹೆಸರು ಫಾರ್ಮರ್ಸ್ ರಿಜಿಸ್ಟರ್, ತಿಂಗಳ ಪತ್ರಿಕೆ, 1833ರಿಂದ 1842ರವರೆಗೆ. ಒಂದು ದೊಡ್ಡ ಪಾಲು ತಾನೇ ಬರೆದ, ಉಳಿದದ್ದು ಜಮೀನ್ದಾರರ ಕಾಗದಗಳು. ಸೆನೆಟ್‌ನಲ್ಲಿ ಕೂತಾಗ ಆಗದ್ದನ್ನ ಇಲ್ಲಿ ಮಾಡಿದ. ಉದಾಹರಣೆಗೆ ಬೇಲಿ ಜಗಳ. ಆಗಿನ ವರ್ಜೀನಿಯಾ ಕಾನೂನಿನಲ್ಲಿ ದನ, ಹಂದಿ ಬೇಕಾದ ಕಡೆ ಅಲೆಯಬಹುದಿತ್ತು, ಬೆಳೆ ಉಳಿಸಿಕೊಳ್ಳಬೇಕಾದವನು ಸುತ್ತ ಮರದ ಬೇಲಿ ಹಾಕಿಕೊಳ್ಳಬೇಕು. ಇದು ಉಲ್ಟಾ ಆಗಬೇಕು, ದನ ಇಟ್ಟವನು ಕಟ್ಟಿಹಾಕಲಿ ಅಂತ ರಫಿನ್ ಬರೆದೇ ಬರೆದ. ದೊಡ್ಡ ಜಮೀನಿದ್ದವನಿಗೆ ಇದು ಲಾಭ. ಜಮೀನಿಲ್ಲದೆ ಎರಡು ಹಂದಿ ಸಾಕಿಕೊಂಡವನಿಗೆ ಹೊಟ್ಟೆ ಮೇಲೆ ಹೊಡೆತ. ಆ ಎರಡನೇ ಮಾತು ಅವನ ಬರಹದಲ್ಲಿ ಹೆಚ್ಚು ತೂಗೋದಿಲ್ಲ.

ಜ್ವರದ ಬಗ್ಗೆಯೂ ಬರೆದ. ಹಿಟ್ಟಿನ ಗಿರಣಿಗಳಿಗಾಗಿ ಕಟ್ಟಿದ ನಿಂತ ನೀರಿನ ಹೊಂಡಗಳೇ ಬೇಸಿಗೆ ಮುಗಿಯುವಾಗ ಬರೋ ಚಳಿಜ್ವರಕ್ಕೆ ಕಾರಣ, ಒಡೆದುಹಾಕಿ ಅಂದ. ಕೆಟ್ಟ ಗಾಳಿ ಅಂತ ಅವನ ನಂಬಿಕೆ. ಸೊಳ್ಳೆಯ ಗುಟ್ಟು ಬಯಲಾದದ್ದು 1897ರಲ್ಲಿ, ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ. ಕಾರಣ ತಪ್ಪು, ಮದ್ದು ಸರಿ. ಇದೂ ಮಾರ್ಲ್ ಥರಾನೇ.

ಪತ್ರಿಕೆ ನಿಂತದ್ದು ಅವನ ಬಾಯಿಂದಲೇ. ಬ್ಯಾಂಕುಗಳ ಮೇಲೆ ಬೆಂಕಿ ಕಾರತೊಡಗಿದ. ಕೃಷಿ ಓದೋಕೆ ದುಡ್ಡು ಕೊಟ್ಟವರಿಗೆ ಬ್ಯಾಂಕ್ ಜಗಳ ಬೇಕಿರಲಿಲ್ಲ.

ಆಮೇಲೆ ಎಲ್ಲಿಗೆ ಹೋದ?

1843ರಲ್ಲಿ ದಕ್ಷಿಣ ಕೆರೊಲಿನಾದ ಗವರ್ನರ್ ಜೇಮ್ಸ್ ಹ್ಯಾಮಂಡ್ ಕರೆದು, ನಮ್ಮಲ್ಲೂ ಮಾರ್ಲ್ ಎಲ್ಲಿದೆ ಹುಡುಕಿ ಕೊಡಿ ಅಂದರು. ಒಂದು ವರ್ಷ ರಾಜ್ಯ ಸುತ್ತಿದ. ಆಗ ಆದ ಗೆಳೆತನಗಳು ಮುಂದೆ ಬೇರೆ ಕೆಲಸಕ್ಕೆ ಬಂದವು. ವಾಪಸ್ ಬಂದು 1844ರಲ್ಲಿ ಹ್ಯಾನೋವರ್ ಕೌಂಟಿಯಲ್ಲಿ, ಪಾಮಂಕಿ ನದಿ ಪಕ್ಕ ಸಾವಿರ ಎಕರೆ ಹತ್ತಿರದ ಜೌಗು ಜಮೀನು ಹಿಡಿದು, ಕಾಲುವೆ ತೋಡಿಸಿ ನೀರು ಬಸಿಸಿ, ಮಾರ್ಲ್ ಹಾಕಿಸಿ ಒಳ್ಳೆ ಗೋಧಿ ತೆಗೆದ. ಹೆಸರು ಮಾರ್ಲ್‌ಬೋರ್ನ್. ಮಕ್ಕಳಿಗಾದರೂ ಬೇರೆ ಹೆಸರಿಟ್ಟನಲ್ಲ, ಪುಣ್ಯ.

## ಕಷ್ಟದ ಪ್ರಶ್ನೆಗಳು

ಮಣ್ಣು ನೋಡಿಕೊಂಡಿದ್ದವನಿಗೆ ದೇಶ ಒಡೆಯೋ ಹುಚ್ಚು ಹೇಗೆ ಹಿಡೀತು?

ಎರಡೂ ಬೇರೆ ಬೇರೆ ಅಂತ ನಾವು ಅಂದುಕೊಳ್ಳುತ್ತೇವೆ, ಅವನಿಗೆ ಒಂದೇ ಆಗಿತ್ತು. ಮಣ್ಣು ಸೋತರೆ ಜಮೀನ್ದಾರರು ಗುಲಾಮರನ್ನ ಕರೆದುಕೊಂಡು ಪಶ್ಚಿಮಕ್ಕೆ ಹೋಗುತ್ತಾರೆ, ವರ್ಜೀನಿಯಾ ಬಡವಾಗುತ್ತೆ, ದಕ್ಷಿಣದ ಕೈ ಸೋಲುತ್ತೆ. ಮಣ್ಣು ಚೆನ್ನಾಗಿದ್ದರೆ ಗುಲಾಮಗಿರಿಯ ವ್ಯವಸ್ಥೆಯೂ ಗಟ್ಟಿ. 1850ರ ದಶಕದಲ್ಲಿ ಜಮೀನು ಮಕ್ಕಳಿಗೆ ಬಿಟ್ಟುಕೊಟ್ಟ ಮೇಲೆ ಕೈಯಲ್ಲಿ ಸಮಯ ಇತ್ತು, ಹೆಂಡತಿ 1846ರಲ್ಲೇ ತೀರಿಹೋಗಿದ್ದಳು. ಗುಲಾಮಗಿರಿ ಪರವಾಗಿ ಪುಸ್ತಿಕೆ ಮೇಲೆ ಪುಸ್ತಿಕೆ ಬರೆದ, ಉತ್ತರದಿಂದ ಬೇರೆಯಾಗಬೇಕು ಅಂತ ಊರೂರು ಸುತ್ತಿದ.

1859ರಲ್ಲಿ ಗುಲಾಮಗಿರಿಯ ವಿರೋಧಿ ಜಾನ್ ಬ್ರೌನ್ ಗುಲಾಮರನ್ನ ಬಂಡಾಯಕ್ಕೆ ಎಬ್ಬಿಸೋಕೆ ಆಗ ವರ್ಜೀನಿಯಾದಲ್ಲಿದ್ದ ಹಾರ್ಪರ್ಸ್ ಫೆರ್ರಿಯ ಆಯುಧಾಗಾರದ ಮೇಲೆ ದಾಳಿ ಮಾಡಿ ಸಿಕ್ಕಿಬಿದ್ದ. ಡಿಸೆಂಬರ್ 2ರಂದು ಗಲ್ಲು. ಹೊರಗಿನವರಿಗೆ ಹತ್ತಿರ ಬಿಡುತ್ತಿರಲಿಲ್ಲ. 65 ವರ್ಷದ ರಫಿನ್ ಏನು ಮಾಡಿದ ಗೊತ್ತಾ? ಮಿಲಿಟರಿ ಶಾಲೆಯ ಹುಡುಗರ ಸಾಲಿನಲ್ಲಿ ಒಂದು ದಿನದ ಮಟ್ಟಿಗೆ ಸೇರಿಕೊಂಡು, ಕೋಟು ಹಾಕಿ ಬಂದೂಕು ಹಿಡಿದು ನಿಂತು ನೋಡಿದ. ಗುಲಾಮರಿಗೆ ಹಂಚೋಕೆ ಬ್ರೌನ್ ತಂದಿದ್ದ ಭರ್ಜಿಗಳನ್ನ ಸಂಪಾದಿಸಿ, ಉತ್ತರದ ಅಣ್ಣತಮ್ಮಂದಿರು ನಮಗೆ ಕಳಿಸಿದ ಉಡುಗೊರೆ ನೋಡಿ ಅನ್ನೋ ಅರ್ಥದ ಚೀಟಿ ಅಂಟಿಸಿ, ದಕ್ಷಿಣದ ಗವರ್ನರ್‌ಗಳಿಗೆ ಒಂದೊಂದು ಕಳಿಸಿದ.

ಸಮ್ಟರ್ ಕೋಟೆ ಮೇಲೆ ಮೊದಲ ಗುಂಡು ಹೊಡೆದದ್ದು ಇವನೇ ತಾನೆ?

ಸಮ್ಟರ್ ಅಂದರೆ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರಿನಲ್ಲಿ ಉತ್ತರದವರ ಕೈಯಲ್ಲಿದ್ದ ಕೋಟೆ, ಅಂತರ್ಯುದ್ಧ ಶುರುವಾದದ್ದು ಅಲ್ಲೇ. ಎಲ್ಲರೂ ಹೀಗೇ ಹೇಳುತ್ತಾರೆ, ಅವನೂ ಹಾಗಂದರೆ ಖುಷಿಪಡುತ್ತಿದ್ದ. ನಿಜ ಸ್ವಲ್ಪ ಬೇರೆ. ಲಿಂಕನ್ ಅಧ್ಯಕ್ಷರಾಗೋ ದಿನ, 1861ರ ಮಾರ್ಚ್ 4ರಂದು, ಅವರ ಆಡಳಿತದ ನೆಲದಲ್ಲಿ ಇರಲ್ಲ ಅಂತ ಹಠ ಹಿಡಿದು ವರ್ಜೀನಿಯಾ ಬಿಟ್ಟು ಚಾರ್ಲ್ಸ್‌ಟನ್‌ಗೆ ಬಂದಿದ್ದ. ಪಾಲ್ಮೆಟ್ಟೊ ಗಾರ್ಡ್ ಅನ್ನೋ ತುಕಡಿ ಅವನನ್ನ ಸೇರಿಸಿಕೊಂಡಿತು. ಏಪ್ರಿಲ್ 12ರ ಬೆಳಗಿನ ಜಾವ ನಾಲ್ಕೂವರೆಗೆ ಫೋರ್ಟ್ ಜಾನ್ಸನ್‌ನಿಂದ ಮಾರ್ಟರ್ ಅನ್ನೋ ಗಿಡ್ಡ ಫಿರಂಗಿಯ ಒಂದು ಗುಂಡು ಹಾರಿತು, ಅದು ಸೂಚನೆಯ ಗುಂಡು. ಆಮೇಲೆ ಮಾರಿಸ್ ದ್ವೀಪದ ತುದಿಯಲ್ಲಿದ್ದ ಕಬ್ಬಿಣದ ಹೊದಿಕೆಯ ಫಿರಂಗಿ ನೆಲೆಯಿಂದ ಮೊದಲ ಗುಂಡು ಹಾರಿಸೋ ಗೌರವ ಈ ಮುದುಕನಿಗೆ ಕೊಟ್ಟರು. ಹಾರಿಸಿದ, ಕೋಟೆಗೆ ಬಡಿಯಿತು. ಸೂಚನೆಯ ಗುಂಡನ್ನ ಲೆಕ್ಕಕ್ಕೆ ಹಿಡಿದರೆ ಇವನು ಮೊದಲನೆಯವನಲ್ಲ. ಆ ಸೂಚನೆಯ ಗುಂಡನ್ನ ಹಾರಿಸೋ ಅವಕಾಶ ವರ್ಜೀನಿಯಾದವನೇ ಆದ ರೋಜರ್ ಪ್ರಯರ್‌ಗೆ ಬಂದಿತ್ತು. ಭಾಷಣದಲ್ಲಿ ಗುಡುಗಿದ್ದ ಪ್ರಯರ್, ನನ್ನಿಂದಾಗಲ್ಲ ಅಂದುಬಿಟ್ಟ.

ಆ ವರ್ಷ ತೆಗೆದ ಅವನ ಫೋಟೋ ನೋಡಿ. ಹೆಗಲವರೆಗೆ ಇಳಿದ ಬಿಳಿ ಕೂದಲು, ಕೈಯಲ್ಲಿ ಬಂದೂಕು, ಬಿಗಿದ ತುಟಿ. ಮೊಮ್ಮಕ್ಕಳು ಕಂಡರೆ ಹೆದರಬೇಕು.

ಯುದ್ಧ ಅವನ ಜಮೀನಿಗೆ ಏನು ಮಾಡ್ತು?

1862ರಲ್ಲಿ ಮೆಕ್ಲೆಲನ್ ನಡೆಸಿದ ಉತ್ತರದ ಸೇನೆ ಅವನ ಜಮೀನುಗಳ ಸುತ್ತಲೇ ಬಂತು. ಮಗ ಇದ್ದ ಬೀಚ್‌ವುಡ್ ಮನೆಯನ್ನ ಸೈನಿಕರು ದೋಚಿ, ಗೋಡೆಗಳ ಮೇಲೆ ಅವನನ್ನ ಬೈದು ಬರೆದು ಹೋದರು. ಮೊದಲ ಮಾರ್ಲ್ ಬಿದ್ದ ಕಾಗಿನ್ಸ್ ಪಾಯಿಂಟ್‌ನಿಂದ ದಕ್ಷಿಣದವರು ಜುಲೈ 31ರ ರಾತ್ರಿ ನದಿಯಾಚೆ ಬೀಡುಬಿಟ್ಟಿದ್ದ ಅದೇ ಸೇನೆಯ ಮೇಲೆ ಫಿರಂಗಿ ಹಾರಿಸಿದರು.

ಅವನಿಗೆ ಇದಕ್ಕಿಂತ ದೊಡ್ಡ ಆಘಾತ ಬೇರೆ. ಗುಲಾಮರು ತಮ್ಮ ಸ್ಥಿತಿಯಲ್ಲಿ ಸುಖವಾಗಿದ್ದಾರೆ ಅಂತ ಪುಸ್ತಿಕೆಗಳಲ್ಲಿ ಬರೆದಿದ್ದನಲ್ಲ, ನೀಲಿ ಕೋಟಿನ ಉತ್ತರದ ಸೈನಿಕರು ಹತ್ತಿರ ಬಂದ ಕೂಡಲೇ ಅದೇ ಜನ ಹೊಲ ಬಿಟ್ಟು ಆ ಕಡೆ ನಡೆದರು. ಮಾರ್ಲ್‌ಬೋರ್ನ್‌ನಿಂದ, ಬೀಚ್‌ವುಡ್‌ನಿಂದ, ಗುಂಪು ಗುಂಪಾಗಿ. ಡೈರಿಯಲ್ಲಿ ಅವನ ಅಚ್ಚರಿ ನಿಜವಾದದ್ದು. ಅದೇ ನನ್ನನ್ನ ಕಾಡೋದು.

ಕೊನೆ ಹೇಗಾಯ್ತು?

1864ರ ಮೇನಲ್ಲಿ ಮಗ ಜೂಲಿಯನ್ ಯುದ್ಧದಲ್ಲಿ ಸತ್ತ. 1865ರ ಏಪ್ರಿಲ್‌ನಲ್ಲಿ ದಕ್ಷಿಣ ಸೋತಿತು. ಜೂನ್‌ನಲ್ಲಿ, ಅಮೀಲಿಯಾ ಕೌಂಟಿಯ ರೆಡ್‌ಮೂರ್ ಅನ್ನೋ ಮನೆಯಲ್ಲಿ ರಫಿನ್ ತನ್ನ ಕೈಯಾರೆ ಜೀವ ಕಳೆದುಕೊಂಡ. ಅದಕ್ಕೆ ಮೊದಲು ಡೈರಿಯಲ್ಲಿ ಉತ್ತರದವರ ಮೇಲಿನ ದ್ವೇಷವನ್ನ ಕೊನೇ ಸಲ ಬರೆದಿಟ್ಟ. ಕೆಲವರು ಇದನ್ನ ವೀರಮರಣ ಅಂತ ಹಾಡಿ ಹೊಗಳಿದರು. ನನಗೆ ಕಾಣೋದು ಕಿವಿ ಮಂದವಾದ, ಮಕ್ಕಳನ್ನ ಕಳೆದುಕೊಂಡ, ದ್ವೇಷ ಬಿಟ್ಟು ಬೇರೇನೂ ಉಳಿಸಿಕೊಳ್ಳದ ಒಬ್ಬ ಮುದುಕ.

ಗುಲಾಮಗಿರಿ ಪಕ್ಕಕ್ಕಿಟ್ಟು ವಿಜ್ಞಾನಿ ಅಂತ ಮೆಚ್ಚಬಹುದಲ್ವಾ?

ಪ್ರತಿಸಲ ಜಗಳ ಆಗೋದು ಇಲ್ಲೇ. ನನ್ನ ಉತ್ತರ: ಪಕ್ಕಕ್ಕಿಡೋಕೆ ಆಗಲ್ಲ, ಯಾಕಂದ್ರೆ ಆ ಮಾರ್ಲ್ ಗುಂಡಿಯೊಳಗೆ ಇಳಿದವರು ಆ ಗುಲಾಮರೇ. ಮೇಲಿನ ಮಣ್ಣು ತೆಗೆದು, ಒದ್ದೆ ಚಿಪ್ಪು ಅಗೆದು, ಗಾಡಿ ತುಂಬಿ, ಎಕರೆಗೆ ನೂರಾರು ಬುಷೆಲ್ ಹರಡಬೇಕು. ಒಂದು ಬುಷೆಲ್ ಅಂದರೆ ಸುಮಾರು 35 ಲೀಟರಿನ ಅಳತೆ. ಚಳಿಗಾಲದ ಕೆಲಸ ಅದು. ಕೂಲಿ ಕೊಟ್ಟು ಮಾಡಿಸಿದ್ದರೆ ಲೆಕ್ಕ ಗಿಟ್ಟುತ್ತಿತ್ತಾ ಅನ್ನೋದೇ ಅನುಮಾನ.

ಇನ್ನೊಂದು. ಮಣ್ಣಿನ ವಿಷಯದಲ್ಲಿ ಯಾರ ಮಾತನ್ನೂ ಸುಮ್ನೆ ನಂಬದವನು, ಪಕ್ಕದ ತುಂಡು ಖಾಲಿ ಬಿಟ್ಟು ಹೋಲಿಸಿ ನೋಡಿದವನು, ಮನುಷ್ಯರ ವಿಷಯದಲ್ಲಿ ಒಂದೇ ಒಂದು ಪರೀಕ್ಷೆಗೂ ಒಪ್ಪಲಿಲ್ಲ. 1862ರಲ್ಲಿ ಪರೀಕ್ಷೆ ತಾನಾಗೇ ಆಯಿತು, ಫಲ ಕಣ್ಣೆದುರಿಗೇ ಬಂತು. ಅತಿಯಾಗಿ ಮಾರ್ಲ್ ಹಾಕಿ ಕೆಡಿಸಿದ್ದನ್ನ ಬರೆದವನು ಇದನ್ನ ಮಾತ್ರ ತನ್ನ ತಪ್ಪು ಅಂತ ಬರೆಯಲಿಲ್ಲ. ಓಡಿಹೋದವರನ್ನ ಬೈದು ಬರೆದ.

ಈಗ ಹೋದ್ರೆ ನೋಡೋಕೆ ಏನಾದ್ರೂ ಇದೆಯಾ?

ಮಾರ್ಲ್‌ಬೋರ್ನ್ ಮನೆ ಇದೆ, 1964ರಲ್ಲಿ ಅದನ್ನ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಿದರು. ಅವನನ್ನ ಹೂತದ್ದೂ ಅಲ್ಲೇ. ಡೈರಿ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ, ಮೂರು ದಪ್ಪ ಸಂಪುಟಗಳಾಗಿ ಅಚ್ಚೂ ಆಗಿದೆ. ಸಮಯ ಕಡಿಮೆ ಇದ್ದರೆ 1862ರ ಬೇಸಿಗೆಯ ಪುಟಗಳನ್ನ ತೆಗೆಯಿರಿ. ಯಾವ ದಿನ ಯಾವ ಜಮೀನಿನಿಂದ ಎಷ್ಟು ಜನ ಹೋದರು ಅಂತ ಅಲ್ಲಿ ಲೆಕ್ಕ ಇಟ್ಟಿದ್ದಾನೆ.